ಷಡ್ಡಕರ ಜೀಪು

ನನ್ನ ಇಬ್ಬರು ಅಳಿಯಂದಿರು ಒಂದು ಹಳೆಯ ಜೀಪನ್ನು ಅಡ್ಡಲಾಗಿ ಹಂಚಿಕೊಂಡರು. ಉದ್ದಕ್ಕೆ ಹಂಚಿಕೊಂಡಿದ್ದರೆ ಎಡಭಾಗ ಬಲಭಾಗ ಎಂದು ಸಮವಾಗಿ ಬರುತ್ತಿತ್ತು. ಆದರೆ ಸಮವಾಗಿ ಬರುವುದು ಇಬ್ಬರಿಗೂ ಬೇಕಿರಲಿಲ್ಲ. ಚಾಲಕನ ಸೀಟಿನ ಬೆನ್ನಿಗೆ ಸರಿಯಾಗಿ ಒಂದು ಗೆರೆ. ಗೆರೆಯಿಂದ ಮುಂದಿನದು ದೊಡ್ಡಳಿಯನದು, ಹಿಂದಿನದು ಎರಡನೆಯ ಅಳಿಯನದು. ಗಾಡಿ ಮಾತ್ರ ಇಬ್ಬರದೂ ಅಲ್ಲ. ಅದನ್ನು ಕೊಂಡವಳು ನನ್ನ ಕಿರಿಮಗಳು.

ಕಿರಿಯವಳು ದನಗಳ ಡಾಕ್ಟರು. ಬೆಟ್ಟದ ಮೇಲಿನ ಹುಲ್ಲುಗಾವಲುಗಳಲ್ಲಿ ದನ ಕುರಿ ಮೇಯಿಸಿಕೊಂಡು ಬದುಕುವ ಹಳ್ಳಿಗಳಿವೆ. ಅಲ್ಲಿಗೆ ಹೋಗುವ ಕೆಲಸವನ್ನು ಅವಳು ತಾನಾಗಿ ಬೇಡಿ ಪಡೆದವಳು. ಮೊದಲು ಅದಕ್ಕೆ ಇಲಾಖೆಯದೇ ಗಾಡಿಯಿತ್ತು. ಅದು ಮುದಿಯಾಗಿ ಮೂಲೆ ಸೇರಿದ ಮೇಲೆ ಇಲಾಖೆ ಹೊಸದನ್ನು ಕೊಡುವ ಬದಲು ಹೊಸ ನಿಯಮ ಕೊಟ್ಟಿತು. ಬೆಟ್ಟದ ಕೆಲಸ ಬೇಕೆನ್ನುವವರು ಬೆಟ್ಟ ಹತ್ತುವ ಗಾಡಿಯನ್ನು ತಾವೇ ಇಟ್ಟುಕೊಂಡಿರಬೇಕು. ಅದು ಹತ್ತುತ್ತದೆಂಬುದನ್ನು ಮೇಲಧಿಕಾರಿಯ ಕಣ್ಣೆದುರು ತೋರಿಸಬೇಕು. ತೋರಿಸಲಾಗದಿದ್ದರೆ ಕೆಲಸ ಬೇರೊಬ್ಬರಿಗೆ ಹೋಗುತ್ತದೆ, ಇವಳಿಗೆ ಮುಖ್ಯ ಕಚೇರಿಯಲ್ಲಿ ಲಸಿಕೆಯ ಡಬ್ಬಿಗಳ ಮೇಲೆ ಮುದ್ರೆ ಒತ್ತುವ ಮೇಜು ಸಿಗುತ್ತದೆ. ಆ ಮೇಜಿನಲ್ಲಿ ಕೂತು ಕೂದಲು ಹಣ್ಣಾದ ಒಬ್ಬ ಡಾಕ್ಟರನ್ನು ಅವಳು ನೋಡಿದ್ದಳು.

"ಅವರು ನಾಲಿಗೆ ಮೇಲೂ ಒಂದು ಸೀಲು ಒತ್ಕೊಂಡುಬಿಟ್ಟಿದಾರೆ ಅಪ್ಪ. ಮಾತೇ ಹೊರಡಲ್ಲ," ಎಂದಳು. ನಗುತ್ತಲೇ ಹೇಳಿದಳು. ಆದರೆ ತಟ್ಟೆಯಲ್ಲಿದ್ದ ಊಟವನ್ನು ಹಾಗೆಯೇ ಬಿಟ್ಟು ಎದ್ದಳು.

ಹೊಸ ಗಾಡಿಯ ಬೆಲೆ ಕೇಳಿ ಬಂದವಳು ಮತ್ತೆ ಅದರ ಮಾತೆತ್ತಲಿಲ್ಲ. ಮನುಷ್ಯ ಹೀಗೆ ಕಂಗಾಲಾಗಿ ಕೂತ ಹೊತ್ತಿಗೆ ಸರಿಯಾಗಿ ಬುದ್ಧಿ ಹೇಳುವವರು ಬಂದೇ ಬರುತ್ತಾರೆ. ನಮ್ಮ ಮನೆಗೆ ಇಬ್ಬರು ಬಂದರು.

ದೊಡ್ಡಳಿಯನದು ಮಂಚ ಕುರ್ಚಿಗಳ ಅಂಗಡಿ. ಯಾರೊಡನೆ ಮಾತಾಡಿದರೂ ಅವರನ್ನು ಮಂಚದ ಮೇಲೆ ಮಲಗಿಸಿ ನೋಡುತ್ತಿರುವವನಂತೆ ಮಾತಾಡುತ್ತಾನೆ. ಎರಡನೆಯವನು ವಿಮೆಯ ಏಜೆಂಟು. ಗಟ್ಟಿಮುಟ್ಟಾದ ಮನುಷ್ಯನನ್ನು ಕಂಡರೆ, ಇವನಿಗೆ ನಾಳೆ ಏನಾದರೂ ಆದರೆ ಎಂದು ಮರುಗುವುದು ಅವನ ಕಸುಬು. ನನ್ನ ಹೆಂಡತಿ ಬದುಕಿದ್ದಾಗ ಈ ಇಬ್ಬರು ಷಡ್ಡಕರನ್ನು ಒಂದೇ ದಿನ ಮನೆಗೆ ಕರೆಯುತ್ತಿರಲಿಲ್ಲ. ಒಬ್ಬ ಈ ವಾರ ಬಂದರೆ ಇನ್ನೊಬ್ಬ ಮುಂದಿನ ವಾರ. ಯಾಕೆಂದು ಕೇಳಿದರೆ, "ಎರಡು ಕೋಣ ಒಟ್ಟಿಗೆ ಕೆರೆಗಿಳಿದ್ರೆ ಕುಡಿಯೋಕೆ ನೀರು ಯಾರಿಗೂ ಉಳಿಯಲ್ಲ," ಎನ್ನುತ್ತಿದ್ದಳು. ಅವಳು ತೀರಿಕೊಂಡ ದಿನ ಇಬ್ಬರೂ ಒಟ್ಟಿಗೆ ಬಂದರು. ಆಮೇಲೆ ಒಟ್ಟಿಗೇ ಬರುತ್ತಿದ್ದಾರೆ. ತಡೆಯುವ ಜಾಣತನ ನನಗಿಲ್ಲ. ಅವಳ ಜೊತೆಗೆ ಈ ಮನೆಯಿಂದ ಏನೇನು ಹೋಯಿತೆಂಬುದು ಒಂದೇ ಸಲಕ್ಕೆ ತಿಳಿಯುವುದಿಲ್ಲ, ಒಂದೊಂದಾಗಿ ತಿಳಿಯುತ್ತದೆ.

"ಹೊಸದು ಯಾಕಮ್ಮ? ಈಗಿನದೆಲ್ಲ ತಗಡು," ಎಂದ ದೊಡ್ಡಳಿಯ. "ಹಳೇ ಜೀಪು ಒಂದು ಹಿಡಿಯೋಣ. ಕ್ಲಾಸಿಕ್ ಪೀಸ್. ಅರ್ಧ ದುಡ್ಡಲ್ಲಿ ನಾನೇ ನಿಂತು ಹೊಸದು ಮಾಡಿಸಿಕೊಡ್ತೀನಿ."

"ಮಾಡಿಸೋದ್ಯಾಕೆ ಅಣ್ಣ, ನಾವೇ ಮಾಡೋಣ," ಎಂದ ಎರಡನೆಯವನು. "ಎಲ್ಲಾ ಫೋನಲ್ಲೇ ತೋರಿಸ್ತಾರೆ. ಬಿಚ್ಚೋದು, ಒರೆಸೋದು, ಹಾಕೋದು. ಅರ್ಧ ಯಾಕೆ, ಕಾಲುಭಾಗ ಸಾಕು."

"ನೀನು ಸೈಕಲ್ಲಿಗೆ ಗಾಳಿ ಹೊಡೆದದ್ದಾದ್ರೂ ಇದೆಯೇನೋ?"

"ನೀವು ಮಂಚ ಮಾರ್ತೀರಲ್ಲ, ಎಷ್ಟು ಮರ ಕೊಯ್ದಿದೀರಿ ಅಣ್ಣ?"

ಆ ಕ್ಷಣದಿಂದ ಗಾಡಿ ಕಿರಿಯವಳ ಕೈಬಿಟ್ಟಿತು. ಇನ್ನೂ ಕೊಂಡಿರಲಿಲ್ಲ, ಆದರೂ ಕೈಬಿಟ್ಟಿತು.

ಈ ಕ್ಲಾಸಿಕ್ ಎಂಬ ಮಾತಿನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಬದುಕಿದವನು. ಮಾತುಗಳ ತೂಕ ಕೈಗೆ ಗೊತ್ತು. ಹಳೆಯದು ಎಂದರೆ ಮಾರುವವನು ಬೆಲೆ ಇಳಿಸಬೇಕು. ಕ್ಲಾಸಿಕ್ ಎಂದರೆ ಕೊಳ್ಳುವವನು ಬೆನ್ನು ಬಗ್ಗಿಸಬೇಕು. ತುಕ್ಕು ಎರಡಕ್ಕೂ ಒಂದೇ. ಹಳೆಯ ಪಾತ್ರೆ, ಹಳೆಯ ಚಪ್ಪಲಿ, ಹಳೆಯ ಮಾವ, ಇವಕ್ಕೆ ಯಾರೂ ಆ ಹೆಸರು ಕೊಟ್ಟದ್ದನ್ನು ನಾನು ಕೇಳಿಲ್ಲ.

ಜೀಪು ಸಿಕ್ಕಿದ್ದು ಒಬ್ಬ ಇಟ್ಟಿಗೆ ಗೂಡಿನ ಮಾಲೀಕನ ಹಿತ್ತಿಲಲ್ಲಿ. ನನ್ನನ್ನೂ ಕರೆದುಕೊಂಡು ಹೋದರು. ಹಿರಿಯರೊಬ್ಬರು ಜೊತೆಗಿದ್ದರೆ ಬೆಲೆ ಇಳಿಯುತ್ತದಂತೆ. ಅದು ಎರಡು ಮರಗಳ ನಡುವೆ ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ ಒರಗಿತ್ತು ಎಂದರೆ ಸರಿ. ಚಾಲಕನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ನಮ್ಮನ್ನು ನೋಡಿ ಅದು ಏಳಲಿಲ್ಲ. ಗಾಡಿ ಎಲ್ಲಿಗೂ ಹೋಗುವುದಿಲ್ಲವೆಂಬುದು ಅದಕ್ಕೆ ಖಾತ್ರಿಯಿತ್ತು.

ದೊಡ್ಡಳಿಯ ಬಾನೆಟ್ಟಿನ ಮೇಲೆ ಬೆರಳ ಗಂಟಿನಿಂದ ಬಡಿದ. "ಶಬ್ದ ಕೇಳಿ ಮಾವ. ಇಂಥ ಲೋಹ ಈಗೆಲ್ಲಿ ಬರುತ್ತೆ?"

ಎರಡನೆಯವನು ಕಾಲಿಡುವ ಹಲಗೆಯನ್ನು ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಗಿ ಸಿಕ್ಕಿಕೊಂಡಿತು. "ಇದೇನ್ರಿ ಇದು?"

"ಮಳೆನೀರು ನಿಲ್ಲಬಾರದಲ್ಲ, ಅದಕ್ಕೆ," ಎಂದ ಮಾಲೀಕ.

"ಓಡುತ್ತಾ?" ಎಂದು ಕೇಳಿದಳು ಕಿರಿಯವಳು.

"ನಮ್ಮಪ್ಪ ಓಡಿಸ್ತಿದ್ರು."

"ಅವರೆಲ್ಲಿ ಈಗ?"

"ಅವರೂ ನಿಂತುಹೋಗಿದಾರೆ."

ಕಿರಿಯವಳು ಅಲ್ಲಿಯೇ ನೆಲದ ಮೇಲೆ ಮಲಗಿ, ಗಾಡಿಯ ಕೆಳಗೆ ತೆವಳಿ, ಕೈದೀಪ ಹಿಡಿದು ಬಹಳ ಹೊತ್ತು ನೋಡಿದಳು. ಹಸುವಿನ ಹೊಟ್ಟೆಯ ಕೆಳಗೆ ಕೂತು ನೋಡುವಾಗಲೂ ಅವಳು ಹೀಗೆಯೇ, ಕರೆದರೆ ಕೇಳಿಸುವುದಿಲ್ಲ. ಎದ್ದು ಮೈ ಕೊಡವಿಕೊಂಡು, "ಬೆನ್ನುಮೂಳೆ ಗಟ್ಟಿಯಾಗಿದೆ ಅಪ್ಪ. ಮಿಕ್ಕದ್ದು ವಾಸಿಯಾಗುತ್ತೆ," ಎಂದಳು. ಕೂಡಿಟ್ಟದ್ದನ್ನೆಲ್ಲ ಕೊಟ್ಟು ಕೊಂಡಳು. ಅಳಿಯಂದಿರು ತಮ್ಮ ಪಾಲಿಗೆ ಶ್ರಮದಾನ ಎಂದರು. ಕೋಳಿಯದು ಬೇರೆ ಲೆಕ್ಕ ಎಂದು ಮಾಲೀಕ ಅದನ್ನು ಬುಟ್ಟಿಗೆ ಹಾಕಿಕೊಂಡ.

ಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ ಜೀಪು ಬಂದು ಕೂತಿತು. ಮೊದಲನೆಯ ದಿನವೇ ಷಡ್ಡಕರಿಬ್ಬರೂ ಒಂದೇ ಬೋಲ್ಟಿಗೆ ಎರಡು ಕಡೆಯಿಂದ ಸ್ಪ್ಯಾನರು ಹಾಕಿದರು. ಒಬ್ಬ ಬಿಚ್ಚುತ್ತಿದ್ದ, ಒಬ್ಬ ಬಿಗಿಯುತ್ತಿದ್ದ. ಇಬ್ಬರೂ ಚೆನ್ನಾಗಿ ಬೆವರಿದರು. ಕಾಫಿ ತಂದ ನನ್ನ ನಡುವಿನ ಮಗಳು, ಎರಡನೆಯವನ ಹೆಂಡತಿ, ಸ್ವಲ್ಪ ಹೊತ್ತು ನೋಡಿ, ಲೋಟಗಳನ್ನು ನೆಲಕ್ಕಿಟ್ಟು, ಮಕ್ಕಳ ಸೀಮೆಸುಣ್ಣ ತಂದು ಚಾಸಿಯ ಮೇಲೆ ಗೆರೆ ಎಳೆದಳು.

"ಭಾವ, ನೀವು ಆ ಕಡೆ. ರೀ, ನೀವು ಈ ಕಡೆ. ಹಸು ಹಂಚಿಕೊಂಡ ಹಾಗೆ ಹಂಚಿಕೊಳ್ಳಿ, ಒಬ್ಬರು ಹುಲ್ಲು ಹಾಕಿ, ಒಬ್ಬರು ಸಗಣಿ ಬಾಚಿ."

ಅವಳು ಹಂಗಿಸಲು ಎಳೆದ ಗೆರೆಯನ್ನು ಇವರು ಶಾಸನ ಮಾಡಿಕೊಂಡರು. ಮುಂದಿನದು ಹಿರಿಯರಿಗೆ ಸಲ್ಲಬೇಕು ಎಂದು ದೊಡ್ಡಳಿಯ ಆ ಕಡೆ ಹೋದ. ಗಾಡಿ ತಳ್ಳುವುದು ಹಿಂದಿನಿಂದಲೇ ಎಂದು ಎರಡನೆಯವನು ಈ ಕಡೆ ಉಳಿದ. ಗೆರೆ ಗೇರುಪೆಟ್ಟಿಗೆಯ ಮೇಲೆ ಹಾದುಹೋಗಿತ್ತು. ಅದು ಯಾರದೆಂದು ಜಗಳ ಶುರುವಾಯಿತು. ಕಿರಿಯವಳು "ಅದು ನಂದು," ಎಂದು ಅದನ್ನೂ ಇಂಜಿನನ್ನೂ ಬಿಚ್ಚಿಸಿ, ಪೇಟೆಯ ಒಂದು ಗ್ಯಾರೇಜಿಗೆ ಕಳಿಸಿದಳು. ಅವೆರಡು ಕೊನೆಯವರೆಗೂ ತೊಂದರೆ ಕೊಡಲಿಲ್ಲ. ಮೂರನೆಯದಾದ, ಭಾವಂದಿರ ಮೇಲಿನ ನಂಬಿಕೆಯನ್ನೂ ಕಳಿಸಿದ್ದರೆ ಚೆನ್ನಾಗಿತ್ತು. ಅದನ್ನು ಮನೆಯಲ್ಲಿಯೇ ಇಟ್ಟುಕೊಂಡಳು.

ಅಲ್ಲಿಂದ ಮುಂದೆ ತಗಡಿನ ಮಾಡಿನ ಕೆಳಗೆ ಎರಡು ರಾಜ್ಯಗಳು. ದೊಡ್ಡಳಿಯ ತನ್ನ ಅರ್ಧಕ್ಕೆ ಹಸಿರು ಬಣ್ಣ ತಂದ. ಎರಡನೆಯವನು ತನ್ನ ಅರ್ಧಕ್ಕೂ ಹಸಿರೇ ತಂದ, ಬೇರೆ ಅಂಗಡಿಯದು. ಪಕ್ಕದಿಂದ ನೋಡಿದರೆ ಗಿಳಿಯೊಂದು ಪಾಚಿ ಕಟ್ಟಿದ ನೀರಿನಿಂದ ಎದ್ದು ಬರುತ್ತಿರುವಂತೆ ಕಾಣುತ್ತಿತ್ತು. ಮುಂದಿನವನು ಗುಜರಿಯಿಂದ ಉದ್ದನೆಯ ಆಂಟೆನಾ ತಂದು ನೆಟ್ಟ. ಗಾಡಿಯಲ್ಲಿ ರೇಡಿಯೋ ಇರಲಿಲ್ಲ. ಹಿಂದಿನವನು ತನ್ನ ಕಡೆಯ ಹಲಗೆಗಳನ್ನೂ ಹಿಡಿದುಕೊಳ್ಳುವ ಕಂಬಿಗಳನ್ನೂ ಕಿತ್ತುಹಾಕಿದ. ತುಕ್ಕು ತೆಗೆದು ಬಣ್ಣ ಹಚ್ಚುವುದಕ್ಕಿಂತ ಕಿತ್ತುಹಾಕುವುದು ಅಗ್ಗ, ನೋಟವೂ ಚೊಕ್ಕ ಎಂದ. ಒಬ್ಬ ಹೊಸ ಸ್ಕ್ರೂಡ್ರೈವರು ತಂದರೆ ಇನ್ನೊಬ್ಬ ಅದಕ್ಕಿಂತ ಒಂದು ಗೇಣು ಉದ್ದನೆಯದನ್ನು ತರುತ್ತಿದ್ದ. ಉಳಿತಾಯ ಎಂಬ ಮಾತು ಇವರ ಬಾಯಿಂದ ಇಳಿಯುತ್ತಿರಲಿಲ್ಲ. ಖರ್ಚಿನ ಚೀಟಿಗಳು ಮಾತ್ರ ಕಿರಿಯವಳ ಮೇಜಿಗೆ ಹೋಗುತ್ತಿದ್ದವು.

ಒಂದು ಸಂಜೆ ನಾನು ಪ್ರಾರ್ಥನೆ ಮುಗಿಸಿ ಹಿತ್ತಿಲಿಗೆ ಹೋದಾಗ ದೊಡ್ಡಳಿಯ ಗಾಡಿಯ ಕೆಳಗೆ ಮಲಗಿದ್ದ. ಅವನ ಬೆನ್ನಿನ ಕೆಳಗಿದ್ದದ್ದು ನನ್ನ ಹೆಂಡತಿಯ ಹೊದಿಕೆ. ಕೊನೆಯ ತಿಂಗಳುಗಳಲ್ಲಿ ಅವಳು ಹೊದ್ದದ್ದು. ಮೆತ್ತಗಿತ್ತು, ಕಣ್ಣಿಗೆ ಬಿತ್ತು, ತಗೊಂಡು ಬಂದೆ ಎಂದ. ಅವನು ಮನೆಗೆ ಹೋದ ಮೇಲೆ ಅದನ್ನು ಒಗೆದೆ. ಮತ್ತೆ ಒಗೆದೆ. ಎಣ್ಣೆಯ ಕಲೆ ಹೋಗಲಿಲ್ಲ. ಕಲೆಯಿದ್ದಂತೆಯೇ ಮಡಿಸಿ ಒಳಗಿಟ್ಟೆ. ದೇವರು ಎಲ್ಲವನ್ನೂ ನೋಡುತ್ತಾನೆಂದು ನಂಬಿದವನು ನಾನು. ಇಂಥವನ್ನು ನೋಡಿಯೂ ಸುಮ್ಮನಿರುವ ಅವನ ತಾಳ್ಮೆ ನನಗೆ ಬರಲೆಂದು ಮಾತ್ರ ಅವತ್ತು ಬೇಡಿಕೊಂಡೆ.

ದೊಡ್ಡಳಿಯ ಆ ದಿನ ಮಾಡುತ್ತಿದ್ದ ಕೆಲಸವನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆಯಿತು. ಇಂಥ ಗಾಡಿಯಲ್ಲಿ ಹಿಂದಿನ ಎರಡು ಚಕ್ರಗಳ ನಡುವೆ ಒಂದು, ಮುಂದಿನ ಎರಡರ ನಡುವೆ ಒಂದು, ಕಬ್ಬಿಣದ ಗಡಿಗೆಯಂಥದ್ದು ಇರುತ್ತದೆ. ಅದರೊಳಗೆ ಹಲ್ಲುಚಕ್ರಗಳು. ಗೇರುಪೆಟ್ಟಿಗೆಯಿಂದ ಒಂದು ಉದ್ದನೆಯ ದಂಡ ತಿರುಗುತ್ತ ಬಂದು ಗಡಿಗೆಯನ್ನು ಸೇರುತ್ತದೆ. ಗಡಿಗೆ ಆ ತಿರುಗುವಿಕೆಯನ್ನು ಚಕ್ರಗಳಿಗೆ ದಾಟಿಸುತ್ತದೆ. ಸಾಮಾನ್ಯ ರಸ್ತೆಯಲ್ಲಿ ದುಡಿಯುವುದು ಹಿಂದಿನ ಗಡಿಗೆ ಮಾತ್ರ. ಮುಂದಿನದು ಸುಮ್ಮನೆ ಉರುಳಿಕೊಂಡು ಬರುತ್ತದೆ, ಮದುವೆಮನೆಯ ಬೀಗನ ಹಾಗೆ. ಗುಡ್ಡ ಬಂದಾಗ ಚಾಲಕನ ಪಕ್ಕದ ಒಂದು ಹಿಡಿಯನ್ನು ಎಳೆದರೆ ಆಗ ಮುಂದಿನದೂ ದುಡಿಯತೊಡಗುತ್ತದೆ. ಗುಡ್ಡ ಹತ್ತುವುದು ಆ ಹಿಡಿಯಿಂದ.

ಇಬ್ಬರೂ ತಮ್ಮ ತಮ್ಮ ಗಡಿಗೆಯ ಹಲ್ಲುಚಕ್ರಗಳ ಕಟ್ಟನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಕೂರಿಸಿದರು. ಸುತ್ತ ಬೋಲ್ಟಿನ ತೂತುಗಳು ಸಮಸಮ ದೂರದಲ್ಲಿರುತ್ತವೆ. ಮೇಲುಕೆಳಗು ಮಾಡಿ ಇಟ್ಟರೂ ಅದು ಕೂರುತ್ತದೆ, ಮರ್ಯಾದಸ್ಥನಂತೆ ಕೂರುತ್ತದೆ. ನಾನು ಆ ದಿನಗಳಲ್ಲಿ ಅಲ್ಲಿಯೇ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದೆ. ತಲೆಕೆಳಗಾದ ಅಕ್ಷರಗಳನ್ನು ಓದಿಯೇ ಅನ್ನ ತಿಂದವನು. ನನ್ನ ಕಣ್ಣಿಗೂ ಏನೂ ಬೀಳಲಿಲ್ಲ.

ಜೀಪು ಎದ್ದಿತು. ಇದನ್ನು ಒಪ್ಪಬೇಕು. ದೊಡ್ಡಳಿಯ ಅದನ್ನು ಬೀದಿಯಲ್ಲಿ ಮೂರು ಸುತ್ತು ಓಡಿಸಿದ. ಹಾರ್ನ್ ಹೊಡೆಯುವ ಅಗತ್ಯ ಎಲ್ಲಿಯೂ ಇರಲಿಲ್ಲ. ಎಲ್ಲ ಕಡೆಯೂ ಹೊಡೆದ. ಎರಡನೆಯವನು ಹಿಂದೆ ನಿಂತು, ತನ್ನ ಅರ್ಧ ಹೇಗೆ ಅಲುಗದೆ ಬರುತ್ತಿದೆಯೆಂದು ಪಕ್ಕದ ಮನೆಯವರಿಗೆ ಕೂಗಿ ಹೇಳಿದ. ಕಿರಿಯವಳು ಬೆಟ್ಟದಿಂದ ಹಾಲಿನ ಲಾರಿ ಹಿಡಿದು ಇಳಿದು ಬಂದವಳು, ಬೂಟು ಬಿಚ್ಚುವ ಮೊದಲೇ ಕೇಳಿದಳು.

"ಆ ಹಿಡಿ ಎಳೆದು ನೋಡಿದ್ರಾ ಭಾವ?"

"ನೋಡಿದೀನಮ್ಮ."

ನೋಡಿದ್ದ. ಎಳೆದಿರಲಿಲ್ಲ. ಒಳ್ಳೆಯ ರಸ್ತೆಯಲ್ಲಿ ಅದನ್ನು ಎಳೆದರೆ ಟಯರು ಸವೆಯುತ್ತದೆಂದು ಫೋನಿನಲ್ಲಿ ಕೇಳಿದ್ದನಂತೆ. ಉಳಿತಾಯ.

ಪರೀಕ್ಷೆಯ ಬೆಳಗ್ಗೆ ನಾನು ದೀಪದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ಕೂತೆ. ಅಳಿಯಂದಿರಿಗೆ ಬುದ್ಧಿ ಕೊಡು ಎಂದು ಬೇಡಲಿಲ್ಲ. ದೇವರಿಗೂ ಕೈಲಾಗುವಂಥದ್ದನ್ನು ಕೇಳಬೇಕು. ಅವಳ ಕೆಲಸ ಅವಳಿಗೆ ಉಳಿಯಲಿ ಎಂದೆ. ಅವಳ ತಾಯಿ ಇದ್ದಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದಳು.

ಬೆಟ್ಟದ ಬುಡದಲ್ಲಿ ಅಧಿಕಾರಿ ಮಡಿಸುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕುಡಿಯುತ್ತಿದ್ದರು. ಕುಳ್ಳಗಿನ ಮನುಷ್ಯ, ಯಾವುದಕ್ಕೂ ಆತುರವಿಲ್ಲದ ಮುಖ. ಎದುರಿಗೆ ಪುಡಿಗಲ್ಲಿನ ಕಡಿದಾದ ಏರು. ತುದಿಯಲ್ಲಿ ಸುಣ್ಣ ಬಳಿದ ಒಂದು ಕಂಬ. ಔಷಧಿಯ ಪೆಟ್ಟಿಗೆ ಹೊತ್ತು ಅಲ್ಲಿ ಮುಟ್ಟಬೇಕು, ಅಷ್ಟೇ. ಕಂಬದ ಹತ್ತಿರ ಒಬ್ಬ ದನಗಾಹಿ ಆಗಲೇ ಬಂದು ನಿಂತಿದ್ದ. ಅವನ ಹಸು ಕರು ಹಾಕಲಾರದೆ ಬಿದ್ದಿದೆಯೆಂದು ಬೆಳಗ್ಗೆಯೇ ಹೇಳಿಕಳಿಸಿದ್ದ.

ಅಧಿಕಾರಿ ಜೀಪನ್ನು ಒಂದು ಸುತ್ತು ಹಾಕಿ ನೋಡಿದರು. "ಎರಡು ಗಾಡಿ ಯಾಕೆ ತಂದಿದೀರಿ?"

"ಒಂದೇ ಸಾರ್," ಎಂದಳು ಕಿರಿಯವಳು.

"ಹೌದಾ. ಬಣ್ಣ ನೋಡಿ ಅಂದೆ."

ಅವಳು ಹತ್ತಿ ಕೂತಳು. ಏರಿನ ಬುಡಕ್ಕೆ ಬಂದು ಹಿಡಿ ಎಳೆದಳು. ಜೀಪು ಮುಂದೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ. ನೆನೆದ ನಾಯಿ ಮೈ ಕೊಡವಿದಂತೆ ಕೊಡವಿ, ಕೆಮ್ಮಿ, ನಿಂತಿತು. ಮತ್ತೊಮ್ಮೆ ಇಂಜಿನು ಹಚ್ಚಿದಳು. ಈ ಸಲ ಹಿಂದಿನ ಚಕ್ರಗಳು ಕಲ್ಲನ್ನು ಹಿಂದಕ್ಕೆ ಎರಚಿದವು, ಮುಂದಿನವು ಮುಂದಕ್ಕೆ ಎರಚಿದವು. ಒಂದು ಕಲ್ಲು ಅಧಿಕಾರಿಯ ಫ್ಲಾಸ್ಕಿಗೆ ತಗುಲಿ ಟಣ್ಣೆಂದಿತು.

"ಡಾಕ್ಟರೇ, ಇದು ಹತ್ತೋಕೆ ಬಂದಿದೆಯೋ, ವ್ಯಾಜ್ಯಕ್ಕೆ ಬಂದಿದೆಯೋ?" ಎಂದರು ಅವರು.

ಕಿರಿಯವಳು ಇಳಿದಳು. ಮುಂದಿನ ಚಕ್ರಗಳು ತೋಡಿದ ಗುಂಡಿಯನ್ನು ನೋಡಿದಳು, ಹಿಂದಿನವು ತೋಡಿದ್ದನ್ನು ನೋಡಿದಳು. ಆಮೇಲೆ ಕೆಳಗೆ ತೆವಳಿ, ಒಂದು ಗಡಿಗೆಯಿಂದ ಇನ್ನೊಂದಕ್ಕೆ ಕೈದೀಪ ಹಾಯಿಸಿದಳು. ಹಿಂದಿನ ಗಡಿಗೆಗೆ ದಂಡ ಸೇರುವ ಮೂತಿ ತಗ್ಗಿನಲ್ಲಿತ್ತು. ಮುಂದಿನದರ ಮೂತಿ ಎತ್ತರದಲ್ಲಿ, ಗರ್ವದಿಂದ ಎತ್ತಿದ ಗಲ್ಲದಂತಿತ್ತು.

"ಭಾವ, ಇದನ್ನ ಕೂರಿಸುವಾಗ ಫೋನು ಎಲ್ಲಿಟ್ಟಿದ್ರಿ?"

"ಎದೆ ಮೇಲೆ ನಿಲ್ಲಿಸಿಕೊಂಡಿದ್ದೆ. ಯಾಕಮ್ಮ? ಅದರಲ್ಲಿ ತೋರಿಸಿದ ಹಾಗೇ ಹಾಕಿದೀನಿ."

"ಮಲಗಿಕೊಂಡು?"

"ಮತ್ತೆ ನಿಂತ್ಕೊಂಡು ಹಾಕೋಕಾಗುತ್ತಾ?"

"ಫೋನಲ್ಲಿರೋನು ನಿಂತಿದ್ದ ಭಾವ. ನಿಮ್ಮ ತಲೆ ಯಾವ ಕಡೆ ಇತ್ತೋ ಅದನ್ನ ಮೇಲೆ ಅಂದ್ಕೊಂಡಿದೀರಿ. ತಲೆಕೆಳಗೆ ಕೂತಿದೆ. ನೀವು ಮುಂದೆ ಅಂದ್ರೆ ಇದು ಹಿಂದೆ ಅನ್ನುತ್ತೆ."

ದೊಡ್ಡಳಿಯ ಸ್ವಲ್ಪ ಹೊತ್ತು ಗಾಡಿಯನ್ನು ನೋಡಿದ. ಒಪ್ಪಿಕೊಂಡಾನು ಎಂದುಕೊಂಡೆ. "ಹಿಂದಿನದೇ ಯಾಕೆ ತಲೆಕೆಳಗಿರಬಾರದು?" ಎಂದ. "ಮುಂದೆ ಅನ್ನೋದನ್ನ ತೀರ್ಮಾನ ಮಾಡೋದು ಮುಂದಿನ ಚಕ್ರ ತಾನೆ?"

"ಅಣ್ಣ, ಬೀದೀಲಿ ಮೂರು ಸುತ್ತು ಮುಂದಕ್ಕೇ ಹೋಯ್ತಲ್ಲ, ಅದು ನನ್ನ ಗಡಿಗೆ," ಎಂದ ಎರಡನೆಯವನು. ಅವನ ಮುಖದಲ್ಲಿ ಒಂದು ಕಿರುನಗೆಯಿತ್ತು. ಆ ನಗೆಯನ್ನು ನಾನು ನೋಡಿದೆ, ಕಿರಿಯವಳೂ ನೋಡಿದಳು.

"ಸಣ್ಣ ಭಾವ, ನಿಮಗೆ ಗೊತ್ತಿತ್ತಾ?"

"ಏನು?"

"ಇದು ತಲೆಕೆಳಗಿರೋದು."

"ನನ್ನದು ತಗ್ಗಿನಲ್ಲಿದೆ, ಅವರದು ಎತ್ತರದಲ್ಲಿದೆ ಅಂತ ಕಣ್ಣಿಗೆ ಬಿದ್ದಿತ್ತಪ್ಪ," ಎಂದ. "ಗೆರೆ ಆಚೆ ವಿಷಯ. ಅವರ ಪಾಲಿನದಕ್ಕೆ ನಾನ್ಯಾಕೆ ಬಾಯಿ ಹಾಕ್ಲಿ? ಹಾಕಿದ್ರೆ ಸುಮ್ಮನೆ ಬಿಡ್ತಿದ್ರಾ?"

ಮೂರ್ಖತನಕ್ಕೆ ನಾನು ಇಡೀ ಬಾಳು ಹೆದರಿಲ್ಲ. ಅಚ್ಚುಕೂಟಕ್ಕೆ ಬರುವ ಹಸ್ತಪ್ರತಿಗಳಲ್ಲಿ ಅದು ಧಾರಾಳವಾಗಿರುತ್ತಿತ್ತು. ದೊಡ್ಡಳಿಯನದು ಮೂರ್ಖತನ, ಅದನ್ನು ಒಗೆದು ಒಣಗಿಸಬಹುದು. ಇದು ಬೇರೆ. ಒಬ್ಬ ಹೆಣ್ಣುಮಗಳ ಕೆಲಸ ಹೋಗುತ್ತದೆಂದು ತಿಳಿದೂ, ಷಡ್ಡಕನ ಮುಖ ಎಲ್ಲರೆದುರು ಕಪ್ಪಾಗಲೆಂದು ಬಾಯಿ ಮುಚ್ಚಿಕೊಂಡಿರುವುದು. ಇಂಥವನಿಗೆ ಜನರು ತಮ್ಮ ಸಾವಿನ ಚಿಂತೆಯನ್ನು ಒಪ್ಪಿಸುತ್ತಾರೆ, ಕಂತು ಕಟ್ಟಿ.

ನಾನು ಅವನಿಗೆ ಏನೋ ಹೇಳಲು ಹೋದೆ. ಕಿರಿಯವಳು ಕೈಯೆತ್ತಿ ತಡೆದಳು. ಅವಳ ಕಣ್ಣು ಏರಿನ ತುದಿಯಲ್ಲಿತ್ತು. ದನಗಾಹಿ ಅಲ್ಲಿ ಕೂತಿದ್ದವನು ಎದ್ದು ನಿಂತಿದ್ದ.

"ಸಾರ್, ಎಷ್ಟು ಹೊತ್ತು ಇರ್ತೀರಿ?"

"ಚಹಾ ಮುಗಿಯೋವರೆಗೆ," ಎಂದರು ಅಧಿಕಾರಿ. ಫ್ಲಾಸ್ಕನ್ನು ಅಲುಗಿಸಿ ನೋಡಿ, "ಸುಮಾರಿದೆ," ಎಂದರು.

ಅವಳು ಸ್ಪ್ಯಾನರು ತೆಗೆದುಕೊಂಡು ಕೆಳಗೆ ಹೋದಳು. ಮುಂದಿನ ಗಡಿಗೆಗೆ ಬರುವ ದಂಡವನ್ನೇ ಬಿಚ್ಚಿ ಹೊರಗೆಳೆದು ನೆಲದ ಮೇಲೆ ಹಾಕಿದಳು. ಈಗ ಮುಂದಿನ ಚಕ್ರಗಳಿಗೆ ಯಾವ ಮಾತೂ ತಲುಪುವಂತಿರಲಿಲ್ಲ. ಬರೀ ಉರುಳುವ ಚಕ್ರಗಳು. ತಿರುಗಿ ಹತ್ತಿ ಕೂತು ಗಾಡಿಯನ್ನು ಏರಿಗೆ ಬಿಟ್ಟಳು. ಸ್ವಲ್ಪ ದೂರ ಹತ್ತಿತು. ಆಮೇಲೆ ಹಿಂದಿನ ಚಕ್ರಗಳು ಕಲ್ಲಿನಲ್ಲಿ ಸುಮ್ಮನೆ ಸುತ್ತತೊಡಗಿದವು. ಹಿಂಭಾಗ ಹಗುರ. ಕಂಬಿ, ಹಲಗೆ, ಎಲ್ಲವನ್ನೂ ಎರಡನೆಯವನು ಕಿತ್ತು ಚೊಕ್ಕ ಮಾಡಿದ್ದನಲ್ಲ. ಅವಳು ಬ್ರೇಕು ಹಿಡಿದು ನಿಧಾನವಾಗಿ ಕೆಳಗೆ ಜಾರಿಸಿಕೊಂಡು ಬಂದಳು. ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಒಂದು ಕ್ಷಣ ಕೂತಳು. ಅಳುತ್ತಾಳೇನೋ ಎಂದುಕೊಂಡೆ. ಅವಳು ತಲೆ ಹೊರಗೆ ಹಾಕಿ ಇಬ್ಬರು ಭಾವಂದಿರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಕೊಳ್ಳುವ ದನವನ್ನು ನೋಡುವ ನೋಟ ಅದು.

"ಹತ್ತಿ ಭಾವ."

"ಎಲ್ಲಿಗೆ?"

"ಹಿಂದಕ್ಕೆ. ಚಕ್ರದ ನೇರಕ್ಕೆ. ಇಬ್ಬರೂ."

"ನಾನು ಮುಂದೆ ಕೂರ್ತೀನಿ," ಎಂದ ದೊಡ್ಡಳಿಯ.

"ಮುಂದೆ ನಿಮ್ಮಿಂದ ಏನೂ ಆಗಬೇಕಿಲ್ಲ. ಹಿಂದೆ ತೂಕ ಬೇಕು."

ಹತ್ತಿದರು. ಅಧಿಕಾರಿಯೆದುರು ಬೇರೆ ದಾರಿಯಿರಲಿಲ್ಲ. ಮಂಚದ ವ್ಯಾಪಾರಿ ಒಂದು ಚಕ್ರದ ಮೇಲೆ, ವಿಮೆಯವನು ಇನ್ನೊಂದರ ಮೇಲೆ. ಅಪ್ಪ ನೀನು ಬೇಡ, ನಿನ್ನಲ್ಲಿ ತೂಕವಿಲ್ಲ ಎಂದಳು ನನಗೆ. ಗಾಡಿ ಹೊರಟಿತು.

ಅಂಥ ದೃಶ್ಯವನ್ನು ನಾನು ಇನ್ನೊಮ್ಮೆ ನೋಡಲಾರೆ. ಏರು ಶುರುವಾದ ಕೂಡಲೇ ಇಬ್ಬರೂ ಹಿಡಿದುಕೊಳ್ಳಲು ಏನಾದರೂ ಇದೆಯೇ ಎಂದು ತಡಕಾಡಿದರು. ಏನೂ ಇರಲಿಲ್ಲ. ಮೊದಲ ಕುಲುಕಿಗೆ ದೊಡ್ಡಳಿಯ ಎರಡನೆಯವನ ಕೊರಳು ಹಿಡಿದ. ಎರಡನೆಯ ಕುಲುಕಿಗೆ ಅವನು ಇವನ ಸೊಂಟ ತಬ್ಬಿದ. ಹಾಗೆ ಒಬ್ಬರನ್ನೊಬ್ಬರು ಅಪ್ಪಿಕೊಂಡು, ಕೆಟ್ಟ ರಸ್ತೆಯಲ್ಲಿ ಎರಡು ಹಿಟ್ಟಿನ ಮೂಟೆ ಹೋಗುವಂತೆ, ಮೇಲೆ ಕೆಳಗೆ ಆಗುತ್ತ ಹೋದರು. ಚಕ್ರಗಳು ಕಲ್ಲನ್ನು ಕಚ್ಚಿದವು. ಒಮ್ಮೆ ನಿಂತಂತಾಯಿತು, "ಮುಂದಕ್ಕೆ ಬಾಗಬೇಡಿ ಭಾವ, ಹಿಂದಕ್ಕೆ ಒರಗಿ," ಎಂದು ಅವಳು ಕೂಗಿದ್ದು ಕೆಳಗಿದ್ದ ನಮಗೂ ಕೇಳಿಸಿತು. ಒರಗಿದರು. ಗಾಡಿ ಮತ್ತೆ ಹತ್ತಿತು. ಕಂಬದ ಪಕ್ಕ ನಿಂತಿತು.

ಅಧಿಕಾರಿ ಚಹಾದ ಕೊನೆಯ ಗುಟುಕು ಕುಡಿದು, ಮುಚ್ಚಳ ತಿರುಗಿಸಿ, ನನ್ನೊಡನೆ ನಡೆದು ಹತ್ತಿದರು. ದಾರಿಯುದ್ದಕ್ಕೂ ಅವರ ಭುಜಗಳು ಅಲುಗುತ್ತಿದ್ದವು. ಕೆಮ್ಮೆಂದು ತೋರಿಸಿಕೊಂಡರು.

"ನಾಲ್ಕು ಚಕ್ರದ ಗಾಡಿ ಅಂತ ಬರೀಲಾ ಡಾಕ್ಟರೇ?"

"ನಾಲ್ಕೇ ಇವೆ ಸಾರ್. ಎಣಿಸಿ."

"ಎಣಿಸಿದೆ. ಎರಡು ರಜಾದಲ್ಲಿವೆ," ಎಂದು ಸಹಿ ಹಾಕಿದರು. "ಹತ್ತಬೇಕು ಅಂತ ನಿಯಮ, ಎಷ್ಟು ಚಕ್ರದಲ್ಲಿ ಅಂತ ಬರೆದೋರು ಮರೆತಿದಾರೆ. ಆ ಮುಂದಿನದನ್ನ ಗ್ಯಾರೇಜಿನವರ ಕೈಲಿ ಸರಿ ಮಾಡಿಸಿ. ಈ ಇಬ್ಬರು ಯಜಮಾನರನ್ನ ದಿನಾ ಹೊತ್ಕೊಂಡು ತಿರುಗೋಕಾಗುತ್ತಾ?"

ಯಜಮಾನರಿಬ್ಬರೂ ಇನ್ನೂ ಇಳಿದಿರಲಿಲ್ಲ. ದೊಡ್ಡಳಿಯನಿಗೆ ಉಸಿರು ಬಂದಿತ್ತು. "ನೋಡಿದ್ರಾ ಮಾವ, ನನ್ನ ತೂಕಕ್ಕೇ ಹತ್ತಿದ್ದು," ಎಂದ.

"ನಿಮ್ಮ ಕಡೆ ಚಕ್ರ ಜಾರ್ತಿತ್ತಲ್ಲ ಅಣ್ಣ. ಕಚ್ಚಿ ಹಿಡಿದಿದ್ದು ನನ್ನ ಕಡೇದು."

ದನಗಾಹಿ ಬಂದು ಕಿರಿಯವಳ ಹತ್ತಿರ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಅವಳು ಪೆಟ್ಟಿಗೆಯನ್ನು ತೆಗೆದು ನೋಡಿ, ಮುಚ್ಚಿ, ಮುಂದಿನ ಸೀಟಿಗಿಟ್ಟಳು. ಹುಲ್ಲುಗಾವಲಿಗೆ ಇನ್ನೂ ಎರಡು ಏರುಗಳಿದ್ದವು.

"ಇಳೀರಿ ಭಾವ."

"ನಾವೂ ಬರ್ತೀವಿ, ತೂಕ ಬೇಕಲ್ಲ," ಎಂದ ದೊಡ್ಡಳಿಯ.

"ಬೇಕು. ಕಲ್ಲು ತುಂಬಿಕೊಂಡು ಹೋಗ್ತೀನಿ. ಅವು ಮಾತಾಡಲ್ಲ." ದಾರಿಯ ಬದಿಯ ಕಲ್ಲುಗುಡ್ಡೆಯನ್ನು ತೋರಿಸಿದಳು. "ನಿಮ್ಮ ನಿಮ್ಮ ಜಾಗಕ್ಕೆ ನಿಮ್ಮ ನಿಮ್ಮ ತೂಕದಷ್ಟು ಹಾಕಿ. ಬೇಗ. ಅಲ್ಲಿ ಹಸು ಒದ್ದಾಡ್ತಿದೆ."

ಅಧಿಕಾರಿ ಕಂಬಕ್ಕೆ ಒರಗಿ ನಿಂತರು. ದನಗಾಹಿ ಚಾಲಕನ ಪಕ್ಕ ಹತ್ತಿ ಕೂತು, ಔಷಧಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡ. ಷಡ್ಡಕರಿಬ್ಬರೂ ಅಂಗಿಯ ತೋಳು ಮಡಿಸಿ ಕಲ್ಲು ಹೊರತೊಡಗಿದರು. ಕಿರಿಯವಳು ಇಂಜಿನು ಆರಿಸಲಿಲ್ಲ. ಸಾಕು ಎಂದು ಅವಳು ಹೇಳುವಷ್ಟರಲ್ಲಿ ದೊಡ್ಡಳಿಯ ಗಾಡಿಯೊಳಗೆ ಎರಡೂ ಕಡೆ ಎದ್ದ ಗುಡ್ಡೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದ.

"ತಡೀಮ್ಮ," ಎಂದ. "ಅವನ ಗುಡ್ಡೆ ನಂದಕ್ಕಿಂತ ಎತ್ತರ ಇದೆ."